ಬಾಡಗಂಡಿಯ ಉತಾರ: ಕನ್ನಡ ಭಾಷಾಂತರದ ಹೊರಗುತ್ತಿಗೆಯ ಒಂದು ಪ್ರಾದೇಶಿಕ ಚರಿತ್ರೆ

ಬೀಳಗಿ ತಾಲೂಕಿನ ಬಾಡಗಂಡಿಯ ಸುತ್ತಮುತ್ತ ಜಮೀನಿನ ಹಕ್ಕುದಾಖಲೆಯನ್ನು ಜನ ಇಂದಿಗೂ ‘ಉತಾರ’ ಎನ್ನುತ್ತಾರೆ. ಗಣಕದಿಂದ ಹೊರಬರುವ ಅದೇ ಕಾಗದಕ್ಕೆ ಸರಕಾರ ಕೊಟ್ಟಿರುವ ಹೆಸರು ‘ಪಹಣಿ’. ಮೊದಲನೆಯದು ಮರಾಠಿಯ ‘ಉತಾರಾ’, ಅಂದರೆ ಮೂಲ ದಫ್ತರದಿಂದ ಇಳಿಸಿಕೊಂಡ ನಕಲು. ಮುಂಬಯಿ ಇಲಾಖೆಯ ಕಂದಾಯ ಕಚೇರಿಗಳ ಮಾತು. ಎರಡನೆಯದು ಹೈದರಾಬಾದು, ಮೈಸೂರು ಸೀಮೆಗಳ ಕಡೆಯಿಂದ ಬಂದದ್ದು. ಎರಡೂ ಹೊರಗಿನಿಂದ ಬಂದ ಪದಗಳೇ. ಆದರೂ ಒಂದು ಬಾಯಿಗೆ ಹತ್ತಿತು, ಇನ್ನೊಂದು ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು. ಇದಕ್ಕೆ ಧ್ವನಿಯಲ್ಲಾಗಲಿ ವ್ಯುತ್ಪತ್ತಿಯಲ್ಲಾಗಲಿ ಕಾರಣ ಹುಡುಕಿ ಫಲವಿಲ್ಲ. ಭಾಷಾಂತರದ ಕೆಲಸ ಎಲ್ಲಿ, ಯಾರಿಂದ, ಯಾವ ಏರ್ಪಾಡಿನಲ್ಲಿ ನಡೆಯಿತು ಎಂಬುದರಲ್ಲಿ ಅದನ್ನು ಹುಡುಕಬೇಕೆಂಬುದು ನಮ್ಮ ವಾದ.

‘ಹೊರಗುತ್ತಿಗೆ’ ಎಂಬ ಮಾತು ಇತ್ತೀಚಿನದು. ಆದರೆ ಪಠ್ಯವನ್ನು ಬಳಸುವವರು ಒಂದು ಕಡೆ, ಪದ ಕಟ್ಟುವವರು ಮತ್ತೊಂದು ಕಡೆ, ಹಣ ಕೊಡುವವರು ಮೂರನೆಯ ಕಡೆ ಇರುವ ಏರ್ಪಾಡು ಕೃಷ್ಣಾ–ಘಟಪ್ರಭಾ ತೀರದ ಈ ಸೀಮೆಗೆ ಹೊಸದಲ್ಲ. ಈ ಬಗೆಯ ಕೆಲಸದ ಚರ್ಚೆಯಲ್ಲಿ ಸಾಮಾನ್ಯವಾಗಿ ದೂರವನ್ನೇ ದೋಷವೆಂದು ಎಣಿಸಲಾಗುತ್ತದೆ. ನಮಗೆ ಹಾಗೆ ತೋರುವುದಿಲ್ಲ. ಬಳಸುವವನ ಆಕ್ಷೇಪ ಪದ ಕಟ್ಟಿದವನವರೆಗೆ ಹಿಂದಿರುಗಿ ತಲಪುವ ದಾರಿ ಇತ್ತೇ ಇಲ್ಲವೇ ಎಂಬುದೇ ನಿರ್ಣಾಯಕ. ಅದನ್ನು ಇಲ್ಲಿ ‘ಮರುದಾರಿ’ ಎಂದು ಕರೆಯುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶ ಆಡಳಿತದ ದೃಷ್ಟಿಯಿಂದ ತುಂಡುತುಂಡಾಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಇಂದು ಒಂದೇ ಹೆಸರಿನಲ್ಲಿ ಕೂಡಿಕೊಂಡಿರುವ ನೇಕಾರರ ಊರುಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿಗೂ ಸೇರಿದ್ದವು. ಬೀಳಗಿ ಭಾಗ ಮಾತ್ರ ಬ್ರಿಟಿಷರ ನೇರ ಆಳ್ವಿಕೆಯ ಕಲಾದಗಿ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋಯಿತು. ಗಡಿಗಳು ಬೇರೆಯಾದರೂ ದಫ್ತರದ ಭಾಷೆ ಮರಾಠಿ, ಲಿಪಿ ಮೋಡಿ. ಹತ್ತನೆಯ ಶತಮಾನದಲ್ಲಿ ರನ್ನನು ಹುಟ್ಟಿದ ಮುದುವೊಳಲಿನ ಲೆಕ್ಕಪತ್ರಗಳನ್ನು ಅಲ್ಲಿನ ರೈತ ತಾನೇ ಓದಲಾರದವನಾಗಿದ್ದ. ಕನ್ನಡವಿದ್ದದ್ದು ಕುಲಕರ್ಣಿಯ ಬಾಯಲ್ಲಿ: ಮೋಡಿಯ ಸಾಲನ್ನು ಕಣ್ಣಿನಿಂದ ಓದಿ, ಕನ್ನಡದಲ್ಲಿ ಹೇಳಿ, ಕೇಳಿದ ಉತ್ತರವನ್ನು ಮತ್ತೆ ಮರಾಠಿಯಲ್ಲಿ ಬರೆದುಕೊಳ್ಳುವುದು ಅವನ ದಿನಚರಿ. ಈ ಭಾಷಾಂತರಕ್ಕೆ ಸಂಬಳವೂ ಇರಲಿಲ್ಲ, ಹೆಸರೂ ಇರಲಿಲ್ಲ. ಆದರೆ ಅವನು ಊರಲ್ಲೇ ಇದ್ದ. ಅರ್ಥವಾಗದಿದ್ದರೆ ಎದುರಿಗೆ ನಿಂತು ಕೇಳಬಹುದಿತ್ತು. ‘ಉತಾರ’, ‘ವಾಟ್ನಿ’, ‘ತಲಾಠಿ’ಗಳು ಕನ್ನಡದ ವಿಭಕ್ತಿಗಳನ್ನು ತಾಳಿ ಒಳಗೆ ಬಂದದ್ದು ಈ ಮಾತುಕತೆಯ ಮೂಲಕ. ಇದನ್ನು ಆದರ್ಶವೆಂದು ನಾವು ಹೇಳುತ್ತಿಲ್ಲ. ಓದಬಲ್ಲವನೊಬ್ಬನೇ ಆದಾಗ ಓದಿದ್ದೆಲ್ಲವೂ ನಿಜವಾಗಿರಬೇಕೆಂದಿಲ್ಲ.

ಮರುದಾರಿ ಇಲ್ಲದ ಪಠ್ಯಕ್ಕೆ ಇದೇ ಸೀಮೆಯಲ್ಲಿ ಕಟುವಾದ ಉದಾಹರಣೆಯಿದೆ. 1857ರ ನಿಶ್ಶಸ್ತ್ರೀಕರಣದ ಕಾನೂನು ಇಂಗ್ಲಿಷಿನಲ್ಲಿ ಹುಟ್ಟಿ, ಸಂಸ್ಥಾನದ ದರಬಾರವನ್ನು ಹಾಯ್ದು, ಮುಧೋಳದ ಸಮೀಪದ ಹಲಗಲಿಯ ಬೇಡರನ್ನು ಮುಟ್ಟಿದಾಗ ಅದು ಬರಿಯ ಅಪ್ಪಣೆಯಾಗಿತ್ತು. ಆ ನವೆಂಬರಿನ ದಂಗೆಗೆ ಭಾಷೆಯೇ ಕಾರಣವೆನ್ನುವುದು ಅತಿಯಾದೀತು. ಆಯುಧ ಬೇಡರ ಬದುಕೇ ಆಗಿತ್ತು. ಅಪ್ಪಣೆ ಅಚ್ಚಗನ್ನಡದಲ್ಲಿ ಬಂದಿದ್ದರೂ ಅವರು ಒಪ್ಪುತ್ತಿರಲಿಲ್ಲ. ನಮ್ಮ ಗಮನ ಅನಂತರ ನಡೆದದ್ದರ ಕಡೆಗೆ. ಘಟನೆಯನ್ನು ಹಾಡಿದ ಲಾವಣಿಯಲ್ಲಿ ‘ಹುಕುಂ’, ‘ಹತಾರ’ಗಳು ಊರಿನ ಮಾತೇ ಆಗಿ ನಿಂತಿವೆ. ಆ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಅಪ್ಪಣೆ ಇಂಗ್ಲಿಷಿನಿಂದ ಇಳಿದು ಬಂತು. ಅದಕ್ಕೆ ಊರು ಕೊಟ್ಟ ಉತ್ತರ ಸುಮಾರು ಮೂವತ್ತು ವರ್ಷಗಳ ಮೇಲೆ ಇಂಗ್ಲಿಷಿಗೆ ಹತ್ತಿತು, ಅದೂ ವಿದ್ವಾಂಸರ ಓದಿಗಾಗಿ.

ಇದಕ್ಕೆ ವಿರುದ್ಧವಾದ ನಿದರ್ಶನ ಧಾರವಾಡದ್ದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳೂ ಮೊದಲಿಗೆ ಮರಾಠಿಯವೇ. ಕನ್ನಡ ಶಾಲೆಗಳು ಬಂದ ಮೇಲೂ ಪುಸ್ತಕಗಳು ಬಹುಪಾಲು ಮರಾಠಿಯ ಅಥವಾ ಇಂಗ್ಲಿಷಿನ ಮಾದರಿಯನ್ನು ಅನುಸರಿಸಿದವು. ಯಾವ ಪಾಠ ಇರಬೇಕೆಂಬ ತೀರ್ಮಾನ ಮುಂಬಯಿಯ ವಿದ್ಯಾಖಾತೆಯದು. ಪಠ್ಯವನ್ನು ಕನ್ನಡಕ್ಕೆ ತರುವ ಕೆಲಸ ಬೆಳಗಾವಿ, ಧಾರವಾಡಗಳಲ್ಲಿ. ಅಚ್ಚಿನ ಕೆಲಸದಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಪಾಲೂ ಇತ್ತು. ಓದುವ ಮಗು ಬೀಳಗಿಯಲ್ಲೋ ಬಾಗಲಕೋಟೆಯಲ್ಲೋ. ಇಂದಿನ ಯಾವ ಬಹುರಾಷ್ಟ್ರೀಯ ಸಂಸ್ಥೆಯ ಕೆಲಸದ ಹಂಚಿಕೆಗೂ ಇದು ಕಡಿಮೆಯಾದುದಲ್ಲ. ಆದರೂ ಆ ಪುಸ್ತಕಗಳ ಕನ್ನಡ ಈ ಭಾಗದ ಬರಹದ ಭಾಷೆಯನ್ನು ನಿಲ್ಲಿಸಿತು.

ಇದು ಸಾಧ್ಯವಾದದ್ದು ಹೇಗೆ? ಡೆಪ್ಯುಟಿ ಚನ್ನಬಸಪ್ಪನವರು ಭಾಷಾಂತರಕಾರರಷ್ಟೇ ಅಲ್ಲ, ಶಾಲಾ ತನಿಖೆಯ ಅಧಿಕಾರಿಯೂ ಆಗಿದ್ದರು. ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ಅನ್ನು 1871ರಲ್ಲಿ ಕನ್ನಡದಲ್ಲಿ ಹೊರತಂದವರು ಅವರೇ. ನಗಿಸುವ ಆಟವನ್ನು ಭಾಷಾಂತರಿಸುವವನಿಗೆ ಕೇಳುಗನ ಮುಖವನ್ನು ನೋಡದೆ ಗತಿಯಿಲ್ಲ. ತನಿಖೆಗೆಂದು ಶಾಲೆಗೆ ಹೋದ ಅಧಿಕಾರಿಯೂ ಹಾಗೆಯೇ. ಪುಸ್ತಕದ ಯಾವ ಮಾತಿನಲ್ಲಿ ಮಗು ತಡವರಿಸುತ್ತದೆ ಎಂಬುದನ್ನು ಅವನು ಕಿವಿಯಾರೆ ಕೇಳುತ್ತಾನೆ. 1865ರಲ್ಲಿ ಆರಂಭವಾದ ‘ಮಠಪತ್ರಿಕೆ’ ಶಿಕ್ಷಕರಿಗೂ ವಿದ್ಯಾಖಾತೆಗೂ ನಡುವೆ ಒಂದು ಸೇತುವೆಯಾಯಿತು. (ಇಲ್ಲಿ ‘ಮಠ’ವೆಂದರೆ ಶಾಲೆ. ಧಾರವಾಡದ ‘ಜೀವನ ಶಿಕ್ಷಣ’ ಈ ಪತ್ರಿಕೆಯ ವಂಶದ್ದು.) 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1896ರಲ್ಲಿ ಅದರ ‘ವಾಗ್ಭೂಷಣ’ ಬಂದ ಮೇಲೆ ಚರ್ಚೆಗೆ ಸರಕಾರದ ಹೊರಗೂ ನೆಲೆ ದೊರೆಯಿತು. ದುಡ್ಡು ಮುಂಬಯಿಯದೇ, ಮಾದರಿ ಪರಭಾಷೆಯದೇ. ಆದರೆ ತಿದ್ದಬಲ್ಲವರು ಓದುವವರ ನಡುವೆ ಇದ್ದರು.

ಕಡಲಾಚೆಗೆ ಹೋದ ಕನ್ನಡ ಕೆಲಸಕ್ಕೆ ಕಿಟ್ಟೆಲ್ಲರ ನಿಘಂಟಿಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಗದು. 1877ರಲ್ಲಿ ಜರ್ಮನಿಗೆ ಮರಳಿದ ಕಿಟ್ಟೆಲ್ಲರು ಅಲ್ಲಿಯೇ ಕೆಲಸ ಮುಂದುವರಿಸಿದರು; ಗ್ರಂಥಪಾಠಗಳ ಮಟ್ಟಿಗೆ ಅದು ಸಾಗಿತು. ಆದರೆ ಬಳಕೆಯ ಮಾತುಗಳಿಗಾಗಿ ಅವರು 1883ರಲ್ಲಿ ಮತ್ತೆ ಕನ್ನಡನಾಡಿಗೆ ಬರಬೇಕಾಯಿತು. 1894ರಲ್ಲಿ ಮಂಗಳೂರಿನಿಂದ ಹೊರಬಂದ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ. ಭಾಷಾವಿಜ್ಞಾನಿಗೆ ಈ ಸಂಖ್ಯೆಗಿಂತ ಮುಖ್ಯವಾದುದು ಪದಗಳ ಪಕ್ಕದ ಆವರಣಗಳೊಳಗಿನ ಸಂಕ್ಷೇಪಗಳು: ಇದು ಮೈಸೂರಿನಲ್ಲಿ ಕೇಳಿದ್ದು, ಇದು ದಕ್ಷಿಣ ಮರಾಠಾ ಸೀಮೆಯದು ಎಂಬ ಗುರುತುಗಳು. ಜಮಖಂಡಿ, ಮುಧೋಳಗಳು ಆ ಎರಡನೆಯ ಗುರುತಿನೊಳಗೆ ಬರುತ್ತವೆ. ಪದ ಎಲ್ಲಿಂದ ಬಂತೆಂದು ದಾಖಲಿಸಿದವನು ಅದನ್ನು ಎಲ್ಲಿಗೆ ಹೋಗಿ ಪರೀಕ್ಷಿಸಬೇಕೆಂಬುದನ್ನೂ ಹೇಳಿದಂತಾಯಿತು. ಅನಂತರದ ಆಡಳಿತ ಪದಕೋಶಗಳಲ್ಲಿ ಈ ಶಿಸ್ತು ಕಾಣುವುದು ಅಪರೂಪ.

ಜಮಖಂಡಿ, ಮುಧೋಳ ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಬಂತು. 1963ರ ರಾಜಭಾಷಾ ಅಧಿನಿಯಮದ ನಂತರ ಆಡಳಿತ ಭಾಷೆ ಕನ್ನಡವಾಯಿತು. ಕಾನೂನುಗಳ ಕನ್ನಡ ಬೆಂಗಳೂರಿನ ಭಾಷಾಂತರ ನಿರ್ದೇಶನಾಲಯದಲ್ಲಿ ಸಿದ್ಧವಾಗತೊಡಗಿತು. ಭಾಷೆ ಹತ್ತಿರವಾಯಿತು, ಕಚೇರಿ ದೂರವಾಯಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದಾಗ ನಮೂನೆ ರಾಜ್ಯಕ್ಕೆಲ್ಲ ಒಂದೇ ಆಯಿತು. ಏಕರೂಪತೆಯ ಲಾಭ ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಾಗದಕ್ಕಾಗಿ ತಲಾಠಿಯ ಮನೆಗೆ ಅಲೆಯುವುದು ತಪ್ಪಿತು. ಆದರೆ ‘ಉತಾರ’ವನ್ನು ಆಡುವವರು ಆ ನಮೂನೆಗೆ ತಮ್ಮ ಪದವನ್ನು ಕಳಿಸಿಕೊಡಲು ದಾರಿಯಿರಲಿಲ್ಲ.

ಈಗಿನ ಹೊರಗುತ್ತಿಗೆಗೆ ಬರೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಬೆಳೆದ ತಂತ್ರಾಂಶ ಉದ್ಯಮದ ಜೊತೆಗೆ ತಾಂತ್ರಿಕ ಬರವಣಿಗೆಯೂ ಒಂದು ವೃತ್ತಿಯಾಗಿ ಬೆಳೆಯಿತು. ಕರ್ನಾಟಕದಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಜರ್ಮನ್, ಜಪಾನಿ ಭಾಷೆಗಳಿಗೆ ಹೋಗುತ್ತವೆ. ಕನ್ನಡಕ್ಕೆ ಬರುವ ಕೆಲಸದ ಹಾದಿಯೇ ಬೇರೆ: ಮೂಲ ಸಂಸ್ಥೆ ಅದನ್ನು ಬಹುಭಾಷಾ ಗುತ್ತಿಗೆದಾರನಿಗೆ ಕೊಡುತ್ತದೆ, ಅವನು ಭಾರತೀಯ ಭಾಷೆಗಳ ಉಪಗುತ್ತಿಗೆದಾರನಿಗೆ, ಅವನು ಮನೆಯಲ್ಲಿ ಕುಳಿತು ದುಡಿಯುವ ಬಿಡಿ ಭಾಷಾಂತರಕಾರನಿಗೆ. ಸಂಭಾವನೆ ಮೂಲದ ಇಂಗ್ಲಿಷ್ ಪದಗಳ ಎಣಿಕೆಗೆ. ಭಾಷಾಂತರ ಸ್ಮೃತಿಯಲ್ಲಿ ಮೊದಲೇ ಇರುವ ವಾಕ್ಯಕ್ಕೆ ದರ ಇಳಿಯುತ್ತದೆ. ಹೀಗಾಗಿ ಹಳೆಯ ತಪ್ಪನ್ನು ಉಳಿಸಿಕೊಳ್ಳುವುದು ಅಗ್ಗ, ತಿದ್ದುವುದು ದುಬಾರಿ. ಗೋಪ್ಯತೆಯ ಕರಾರಿನಿಂದಾಗಿ ಭಾಷಾಂತರಕಾರನು ತನ್ನ ಕೆಲಸವನ್ನು ಮತ್ತೊಬ್ಬರಿಗೆ ತೋರಿಸಿ ಕೇಳುವಂತಿಲ್ಲ.

ಇದರ ಗುರುತು ವ್ಯಾಕರಣದಲ್ಲೇ ಬೀಳುತ್ತದೆ. ತಂತ್ರಾಂಶದ ಇಂಗ್ಲಿಷ್ ವಾಕ್ಯದಲ್ಲಿ ಊರಿನ ಹೆಸರಿಗೆಂದು ತೆರಪೊಂದನ್ನು ಬಿಟ್ಟಿರುತ್ತಾರೆ. ಅದರ ಮುಂದಿನ ಅಥವಾ ಹಿಂದಿನ ಪದ ಬದಲಾಗಬೇಕಿಲ್ಲ. ಕನ್ನಡದಲ್ಲಿ ಚತುರ್ಥಿ ಪ್ರತ್ಯಯವನ್ನು ಪ್ರಕೃತಿಯ ಅಂತ್ಯಸ್ವರ ನಿರ್ಧರಿಸುತ್ತದೆ: ಬಾಡಗಂಡಿಗೆ, ಬೀಳಗಿಗೆ, ಆದರೆ ಮುಧೋಳಕ್ಕೆ. ತೆರಪಿನ ಪಕ್ಕದಲ್ಲಿ ಒಂದು ‘ಗೆ’ ಇಟ್ಟರೆ ತೆರೆಯ ಮೇಲೆ ‘ಮುಧೋಳ ಗೆ’ ಮೂಡುತ್ತದೆ. ಕನ್ನಡ ಬಲ್ಲ ಯಾವ ಭಾಷಾಂತರಕಾರನೂ ಇದನ್ನು ತಿಳಿಯದೆ ಬರೆಯುವುದಿಲ್ಲ. ತೆರಪನ್ನು ಬದಲಿಸುವ ಅಧಿಕಾರ ಅವನಿಗಿಲ್ಲ, ಬದಲಿಸಬಲ್ಲ ತಂತ್ರಜ್ಞನಿಗೆ ಸುದ್ದಿ ಮುಟ್ಟಿಸುವ ಬಾಗಿಲೂ ಇಲ್ಲ. ದೋಷವನ್ನು ಅವನ ತಲೆಗೆ ಕಟ್ಟುವ ವಿಮರ್ಶೆ ಅನ್ಯಾಯದ್ದು.

ಮುಕ್ತ ತಂತ್ರಾಂಶದಲ್ಲಿ ಸ್ಥಿತಿ ಕೊಂಚ ಬೇರೆ. ಗೆಟ್‌ಟೆಕ್ಸ್ಟ್ ಪದ್ಧತಿಯ ಭಾಷಾಂತರ ಕಡತದ ತಲೆಬರಹದಲ್ಲಿಯೇ ಕೊನೆಯ ಭಾಷಾಂತರಕಾರನ ಹೆಸರು, ಭಾಷಾ ತಂಡದ ವಿಳಾಸ, ಮೂಲ ವಾಕ್ಯದಲ್ಲಿನ ದೋಷವನ್ನು ಯಾರಿಗೆ ತಿಳಿಸಬೇಕೆಂಬುದು, ಈ ಮೂರಕ್ಕೂ ಸ್ಥಳವಿದೆ. ಪುಣೆಯ ರೆಡ್ ಹ್ಯಾಟ್ ಕಚೇರಿಯ ಭಾಷಾ ತಂಡದಲ್ಲಿ ಕನ್ನಡದ ಕೆಲಸವೂ ನಡೆಯಿತು. ಮರಾಠಿಯ ದಫ್ತರದಿಂದ ಬಿಡಿಸಿಕೊಂಡ ಸೀಮೆಗೆ ಕನ್ನಡದ ಪದಗಳು ಪುಣೆಯಿಂದ ಬಂದವೆಂದು ಯಾರಾದರೂ ನಕ್ಕಾರು. ವಿಳಾಸ ಬರೆದಿದ್ದರೆ ಪುಣೆಯೂ ದೂರವಲ್ಲ. ಆದರೆ ಆ ತಲೆಬರಹ ಬಳಕೆದಾರನ ತೆರೆಯ ಮೇಲೆ ಎಂದೂ ಕಾಣುವುದಿಲ್ಲ, ಇಂಗ್ಲಿಷ್ ಬಾರದವನಿಗೆ ಕಂಡರೂ ಉಪಯೋಗವಿಲ್ಲ.

ಹೀಗಾಗಿ ಭಾಷಾಂತರದ ಕೊನೆಯ ಮಜಲು ಇಂದಿಗೂ ಊರಿನಲ್ಲೇ, ಬಾಯಿಮಾತಿನಲ್ಲೇ ಸಾಗುತ್ತದೆ. ನಾಡಕಚೇರಿಯ ಕಿಟಕಿಯಲ್ಲಿ, ಗ್ರಾಮ ಒನ್ ಕೇಂದ್ರದ ಗಣಕದ ಎದುರು ಕುಳಿತವರು ತೆರೆಯ ಮೇಲಿನ ಕನ್ನಡವನ್ನು ಓದಿ, ಎದುರಿಗೆ ನಿಂತವರಿಗೆ ಅವರ ಕನ್ನಡದಲ್ಲಿ ಹೇಳಿ, ‘ಉತಾರ’ ಬೇಕೆಂದವರಿಗೆ ‘ಪಹಣಿ’ಯ ಗುಂಡಿ ಒತ್ತುತ್ತಾರೆ. ಕುಲಕರ್ಣಿ ಮೋಡಿಯಿಂದ ಮಾಡುತ್ತಿದ್ದ ಕೆಲಸವನ್ನು ಇವರು ಕನ್ನಡದಿಂದ ಕನ್ನಡಕ್ಕೆ ಮಾಡುತ್ತಿದ್ದಾರೆ. ಯಾವ ಪದದ ಬಳಿ ಎಷ್ಟು ಜನ ಮರುಪ್ರಶ್ನೆ ಕೇಳಿದರು ಎಂಬುದು ಇವರಿಗೆ ಗೊತ್ತು. ಅದನ್ನು ಬರೆದಿಡಲು ನಮೂನೆಯಲ್ಲಿ ಅಂಕಣವಿಲ್ಲ.