ಶತ್ರುಪಕ್ಷದ ಪುಸ್ತಕ ಕೊಡಿಸಿದ ಪದಕ

ನಾಂಪಲ್ಲಿಯಿಂದ ಮಾಸಾಬ್ ಟ್ಯಾಂಕಿನ ಕಡೆಗೆ ಓಡಾಡುವ ನಮ್ಮವರೆಲ್ಲರಿಗೂ ಏ.ಸಿ. ಗಾರ್ಡ್ಸ್ ಎಂಬ ಬಡಾವಣೆ ಗೊತ್ತು. ಆ ಎರಡು ಅಕ್ಷರಗಳ ಅರ್ಥವೇನೆಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ಕಡಿಮೆ. ನಿಜಾಮರ ಸೈನ್ಯದಲ್ಲಿ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಅಶ್ವದಳವಿತ್ತು. ಆಫ್ರಿಕ ಮೂಲದ ಸಿದ್ದಿ ಜನ ಅದರಲ್ಲಿದ್ದರು. ಅವರ ವಸತಿ ಇದ್ದ ಜಾಗವೇ ಈ ಬಡಾವಣೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಸಂಸ್ಥಾನ ಶರಣಾದ ಬಳಿಕ ಅದರ ಪಡೆಗಳು ವಿಸರ್ಜನೆಗೊಂಡವು. ದಳ ಹೋಯಿತು, ಕುದುರೆಗಳು ಹೋದವು, ಬಸ್ಸಿನ ಹಲಗೆಯ ಮೇಲೆ ಹೆಸರು ಉಳಿಯಿತು.

ಪಡೆ ಇಲ್ಲವಾದ ಮೇಲೆ ಅದರಲ್ಲಿ ದುಡಿದವನಿಗೆ 'ಹೌದು, ಈತ ನಮ್ಮವನು, ಇಂಥ ಕಡೆ ಇಂಥ ಕೆಲಸ ಮಾಡಿದ' ಎಂದು ಬರೆದುಕೊಡುವವರು ಯಾರು? ಈ ಪ್ರಶ್ನೆ ನಮ್ಮ ಕನ್ನಡ ಕುಟುಂಬಗಳಿಗೂ ಹೊಸದಲ್ಲ. ಸಿಕಂದರಾಬಾದಿನ ದಂಡುಪ್ರದೇಶದ ದೆಸೆಯಿಂದ ಸೇನೆಯಲ್ಲಿ ದುಡಿದು ಇಲ್ಲಿಯೇ ನೆಲೆನಿಂತ ಕನ್ನಡಿಗರು ಈ ಅವಳಿ ನಗರಗಳಲ್ಲಿ ಇದ್ದಾರೆ. ಅಂಥ ಮನೆಗಳ ಟ್ರಂಕಿನ ತಳದಲ್ಲಿ ಬಿಡುಗಡೆಯ ಪುಸ್ತಕವೊಂದು, ಬಣ್ಣ ಮಾಸಿದ ರಿಬ್ಬನ್ನುಗಳು ಇರುತ್ತವೆ. ಯುದ್ಧಕ್ಕೆ ಹೋದದ್ದು ನಿಜ, ಪದಕ ಬರಬೇಕಾಗಿದ್ದುದೂ ನಿಜ, ಪುಸ್ತಕದಲ್ಲಿ ಮಾತ್ರ ನಮೂದಿಲ್ಲ ಎಂಬ ದೂರು ಯಾವ ದೇಶದ ನಿವೃತ್ತ ಸೈನಿಕರಲ್ಲೂ ಕೇಳಿಬರುವಂಥದು. ದಾಖಲೆಯಲ್ಲಿ ಬಿಟ್ಟುಹೋದ ಪರಾಕ್ರಮವನ್ನು ಮತ್ತೆ ದಾಖಲೆಗೆ ಸೇರಿಸುವುದು ಎಷ್ಟು ಕಷ್ಟ, ಅದು ಹೇಗೆ ಸಾಧ್ಯವಾಗುತ್ತದೆ ಎಂಬುದಕ್ಕೆ ನಮ್ಮ ಕೊಡಗಿನವರೇ ಆದ ಒಬ್ಬ ವಿಮಾನಚಾಲಕರ ಕಥೆಗಿಂತ ಉತ್ತಮ ಉದಾಹರಣೆ ನಮಗೆ ಕಾಣದು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಹುಟ್ಟಿದ್ದು 1932ರಲ್ಲಿ, ಕೊಡಗಿನಲ್ಲಿ. 1954ರಲ್ಲಿ ವಾಯುಪಡೆಗೆ ಸೇರಿದರು. ಇತರರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿ ಹೆಸರು ಗಳಿಸಿದವರು. 1965ರ ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿನಲ್ಲಿದ್ದರು. ಅವರು ಹಾರಿಸುತ್ತಿದ್ದುದು ಫ್ರಾನ್ಸಿನಿಂದ ಕೊಂಡ ಮಿಸ್ತೇರ್ ವಿಮಾನ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ನಿಲ್ದಾಣದ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಮರುದಿನ ಬೆಳಗಿನ ಜಾವವೇ ಪ್ರತಿದಾಳಿ ನಡೆಯಿತು. ಗುರಿ ಸರ್ಗೋಧಾ, ಪಾಕಿಸ್ತಾನದ ವಾಯುಪಡೆಯ ಅತಿ ದೊಡ್ಡ ನೆಲೆ. ಒಂದನೆಯ ಸ್ಕ್ವಾಡ್ರನ್ನಿನ ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ಮುಂದಾಳುತನದಲ್ಲಿ ಹನ್ನೆರಡು ಮಿಸ್ತೇರುಗಳು ಹೋಗಬೇಕೆಂದು ಏರ್ಪಾಟಾಗಿತ್ತು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಆ ಸ್ಥಾನ ತುಂಬಲೆಂದು ಅವರನ್ನು ಕಾದಿರಿಸಲಾಗಿತ್ತು. ಹಾಗೆ ಕಾದಿದ್ದವರು ಕೊನೆಗೆ ದಾಳಿಯಲ್ಲಿ ಸೇರಿಕೊಂಡರು.

ದಾಳಿ ಮುಗಿಸಿ ಹಿಂದಿರುಗುವಾಗ ಮಿಸ್ತೇರಿನಂಥ ವಿಮಾನಕ್ಕೆ ಒಂದೇ ದಾರಿ: ನೆಲಕ್ಕೆ ಆದಷ್ಟು ಹತ್ತಿರದಲ್ಲಿ, ಆದಷ್ಟು ಬೇಗ, ಗಡಿಯ ಕಡೆಗೆ. ಇಂಧನ ಲೆಕ್ಕ ಹಾಕಿದಷ್ಟೇ ಇರುತ್ತದೆ. ಅಡ್ಡ ಬಂದವನೊಡನೆ ಕಾದಾಡುತ್ತ ನಿಂತರೆ ಮನೆ ಸೇರುವಷ್ಟು ಉಳಿಯುವುದಿಲ್ಲ. ಎಲ್ಲರೂ ಹಾಗೆಯೇ ಹಿಂದಿರುಗಿದರು, ಒಬ್ಬರ ಹೊರತು. ದೇವಯ್ಯನವರಿಗೆ ಏನಾಯಿತೆಂದು ಕಂಡವರು ಯಾರೂ ಇರಲಿಲ್ಲ. ಸ್ಕ್ವಾಡ್ರನ್ನಿನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ನಾಪತ್ತೆ' ಎಂದಾಯಿತು.

ಅದೇ ತಿಂಗಳ 22ರಂದು ಕೊಡಗಿನ ಇನ್ನೊಬ್ಬ ಚಾಲಕರ ವಿಮಾನವೂ ಪಾಕಿಸ್ತಾನದಲ್ಲಿ ಬಿತ್ತು. ಅವರು ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ. ಅವರು ಸೆರೆಯಾದರು. ಸೆರೆಯಾದವರ ಹೆಸರು ಎರಡೂ ಕಡೆಯ ಪಟ್ಟಿಗಳಲ್ಲಿ ಬರುತ್ತದೆ, ಮನೆಗೆ ಸುದ್ದಿ ಮುಟ್ಟುತ್ತದೆ, ಯುದ್ಧ ನಿಂತ ಮೇಲೆ ಮನುಷ್ಯ ಹಿಂದಿರುಗುತ್ತಾನೆ. ಅವರು ಹಿಂದಿರುಗಿದರು. ದೇವಯ್ಯನವರ ಹೆಸರು ಯಾವ ಸೆರೆಯಾಳು ಪಟ್ಟಿಯಲ್ಲೂ ಇರಲಿಲ್ಲ. ಅವರ ಪತ್ನಿ ಸುಂದರಿ ದೇವಯ್ಯನವರ ಪಾಲಿಗೆ ಬಂದದ್ದು 'ನಾಪತ್ತೆ' ಎಂಬ ಆ ಮೂರಕ್ಷರದ ಶಬ್ದ, ವರ್ಷಗಟ್ಟಲೆ.

ಇಲ್ಲಿ ಶೌರ್ಯಪದಕ ಸಿಗುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಪದಕಕ್ಕೆ ಸೈನಿಕ ತಾನೇ ಅರ್ಜಿ ಹಾಕುವ ಪದ್ಧತಿ ಇಲ್ಲ. ಅವನ ಮೇಲಧಿಕಾರಿ ಶಿಫಾರಸು ಬರೆಯಬೇಕು. ಏನು ನಡೆಯಿತು, ಯಾರು ಕಂಡರು ಎಂಬುದು ಅದರಲ್ಲಿರಬೇಕು. ಅದು ಮೆಟ್ಟಿಲು ಮೆಟ್ಟಿಲಾಗಿ ಕೇಂದ್ರ ಕಚೇರಿಯನ್ನು ಮುಟ್ಟಿ, ರಕ್ಷಣಾ ಸಚಿವಾಲಯವನ್ನು ದಾಟಿ, ರಾಷ್ಟ್ರಪತಿಗಳ ಅಂಕಿತವಾಗಿ, ಭಾರತದ ರಾಜಪತ್ರದಲ್ಲಿ ಅಚ್ಚಾಗಬೇಕು. ಆಮೇಲೆ ಸೈನಿಕನ ಸೇವಾಪತ್ರದಲ್ಲಿ ನಮೂದು. ಇದರಲ್ಲಿ ಮೊದಲ ಮೆಟ್ಟಿಲೇ ಸಾಕ್ಷಿ. ಸಾಕ್ಷಿ ಇಲ್ಲದ ಪರಾಕ್ರಮ ಸರ್ಕಾರದ ದೃಷ್ಟಿಯಲ್ಲಿ ನಡೆದೇ ಇಲ್ಲ. ಇದನ್ನು ನಾವು ತಪ್ಪೆಂದು ಹೇಳಲಾರೆವು. ಹೇಳಿದವರಿಗೆಲ್ಲ ಪದಕ ಕೊಡುತ್ತ ಹೋದರೆ ಪದಕಕ್ಕೆ ಬೆಲೆ ಎಲ್ಲಿ? ಆದರೆ ಒಂಟಿಯಾಗಿ, ಶತ್ರುವಿನ ನೆಲದ ಮೇಲೆ ಹೋರಾಡಿ ಮಡಿದವನಿಗೆ ಈ ಕ್ರಮದಲ್ಲಿ ಜಾಗವಿಲ್ಲ ಎಂಬುದೂ ಅಷ್ಟೇ ನಿಜ. ಸರ್ಗೋಧಾದ ದಾಳಿಗಾಗಿ ತನೇಜಾ ಅವರಿಗೆ ವೀರಚಕ್ರ ಬಂತು. ದೇವಯ್ಯನವರ ವಿಷಯದಲ್ಲಿ ಬರೆಯುವುದಕ್ಕೆ ಯಾರ ಬಳಿಯೂ ಏನೂ ಇರಲಿಲ್ಲ.

ಹದಿನಾಲ್ಕು ವರ್ಷ ಹೀಗೆ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲೆಂಡಿನ ಲೇಖಕರು 1965ರ ವಾಯುಯುದ್ಧವನ್ನು ಕುರಿತು 'ಬ್ಯಾಟಲ್ ಫಾರ್ ಪಾಕಿಸ್ತಾನ್' ಎಂಬ ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ, ಅದರ ಪರವಾಗಿ ಒಲಿದು ಬರೆದ ಪುಸ್ತಕ ಅದು. ನಮ್ಮವರಿಗೆ ಓದಿ ಸಂತೋಷಪಡಲು ಅದರಲ್ಲಿ ಹೆಚ್ಚೇನೂ ಇಲ್ಲ. ಆದರೆ ಸೆಪ್ಟೆಂಬರ್ 7ರ ಬೆಳಗಿನ ಸಂಗತಿ ಅದರಲ್ಲಿ ಸಿಕ್ಕಿತು. ಹಿಂದಿರುಗುತ್ತಿದ್ದ ಮಿಸ್ತೇರುಗಳ ಬೆನ್ನು ಹತ್ತಿದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವನದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಅದರ ಮುಂದೆ ಮಿಸ್ತೇರ್ ಎಂದರೆ ಡೇಗೆಯ ಮುಂದೆ ಪಾರಿವಾಳ. ಅವನು ಒಂದು ಮಿಸ್ತೇರಿಗೆ ಪೆಟ್ಟು ಕೊಟ್ಟ. ಪೆಟ್ಟು ತಿಂದ ವಿಮಾನ ಓಡದೆ ತಿರುಗಿ ನಿಂತಿತು. ಕೆಳಮಟ್ಟದಲ್ಲಿ ಸುತ್ತುವರಿದು ಕಾದಾಡಿ ಸ್ಟಾರ್‌ಫೈಟರಿಗೆ ಗುಂಡು ತಾಗಿಸಿತು. ಅಮ್ಜದ್ ಹುಸೇನ್ ಧುಮುಕುಕೊಡೆಯ ಆಸರೆಯಿಂದ ಪಾರಾದ. ಮಿಸ್ತೇರಿನ ಚಾಲಕ ಪಾರಾಗಲಿಲ್ಲ.

ಆ ಚಾಲಕ ಯಾರು? ಗುರುತು ಹಿಡಿಯಲು ಕಷ್ಟವಿರಲಿಲ್ಲ. ಆ ಬೆಳಗಿನ ದಾಳಿಯಿಂದ ಹಿಂದಿರುಗದೆ ಹೋದ ಮಿಸ್ತೇರ್ ಒಂದೇ, ಅದು ದೇವಯ್ಯನವರದು.

ನ್ಯಾಯಾಲಯದಲ್ಲಿ ಕಕ್ಷಿದಾರ ತನಗೆ ಪ್ರತಿಕೂಲವಾಗುವ ಮಾತನ್ನು ತಾನೇ ಒಪ್ಪಿಕೊಂಡರೆ ಅದಕ್ಕೆ ಹೆಚ್ಚಿನ ತೂಕವಿರುತ್ತದೆ ಎಂದು ನಾಂಪಲ್ಲಿ ಕೋರ್ಟಿನ ಸುತ್ತ ಓಡಾಡಿದ ಯಾರಾದರೂ ಹೇಳಬಲ್ಲರು. ಫ್ರಿಕರ್ ಪುಸ್ತಕದ ಬಲ ಇದ್ದುದು ಇಲ್ಲಿಯೇ. ಮುದಿ ಮಿಸ್ತೇರೊಂದು ತಮ್ಮ ಸ್ಟಾರ್‌ಫೈಟರನ್ನು ಕೆಡವಿತೆಂದು ಸುಳ್ಳು ಹೇಳಿ ಪಾಕಿಸ್ತಾನಕ್ಕೆ ಆಗಬೇಕಾದ ಲಾಭ ಯಾವುದೂ ಇರಲಿಲ್ಲ.

ಪುಸ್ತಕವೊಂದು ಬಂದ ಮಾತ್ರಕ್ಕೆ ದಾಖಲೆ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಅದನ್ನು ಹಿಡಿದು ಬಾಗಿಲು ತಟ್ಟುವವರು ಬೇಕು. ತಟ್ಟಿದವರು ತನೇಜಾ. ಆಗ ಅವರು ನಿವೃತ್ತರು, ಗ್ರೂಪ್ ಕ್ಯಾಪ್ಟನ್. ತಮ್ಮ ಪದಕ ತಮಗೆ ಬಂದಾಗಿತ್ತು. ಹಳೆಯ ಕಡತ ಕೆದಕುವ ಹಂಗು ಅವರಿಗಿರಲಿಲ್ಲ. ಆದರೂ ತಮ್ಮ ಕೈಕೆಳಗೆ ಹಾರಿದವನ ಪಾಲು ಕೊಡಿಸಬೇಕೆಂದು ವಾಯುಪಡೆಗೆ ಬರೆದುಕೊಂಡರು. ಕೊನೆಗೆ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರಚಕ್ರ ಘೋಷಣೆಯಾಯಿತು. ಪರಮವೀರಚಕ್ರದ ನಂತರದ ಸ್ಥಾನ ಅದಕ್ಕೆ. ಬೆಳ್ಳಿಯ ಪದಕ, ಅರ್ಧ ಬಿಳಿ ಅರ್ಧ ಕೇಸರಿಯ ಪಟ್ಟಿ. ಯುದ್ಧ ನಡೆದು ಆಗ 23 ವರ್ಷವಾಗುತ್ತ ಬಂದಿತ್ತು.

ಪದಕಗಳ ಇತಿಹಾಸ ಬರೆಯುವವರು ಪಡೆದವನ ಹೆಸರನ್ನೇ ಬರೆಯುತ್ತಾರೆ. ಕೊಡಿಸಿದವನ ಹೆಸರೂ ಪಕ್ಕದಲ್ಲಿರಬೇಕೆಂಬುದು ನಮ್ಮ ಅಭಿಪ್ರಾಯ.

ದಾಖಲೆ ಇಲ್ಲದಿದ್ದಾಗ ಜೊತೆಗಾರನ ಮಾತೇ ಆಧಾರ ಎಂಬ ಸಂಗತಿ ಕಲಬುರಗಿ, ಬೀದರ, ರಾಯಚೂರುಗಳಿಂದ ಇಲ್ಲಿಗೆ ಬಂದ ನಮ್ಮ ಮನೆತನಗಳಿಗೆ ಇನ್ನೊಂದು ಬಗೆಯಲ್ಲಿ ಪರಿಚಿತ. ಸ್ವಾತಂತ್ರ್ಯ ಯೋಧರಿಗೆ ಕೇಂದ್ರ ಸರ್ಕಾರ ಪಿಂಚಣಿ ಕೊಡತೊಡಗಿದ್ದು 1972ರ ಆಗಸ್ಟ್ 15ರಿಂದ. 1980ರಲ್ಲಿ ಅದನ್ನು ವಿಸ್ತರಿಸಿ ಸಮ್ಮಾನ ಪಿಂಚಣಿ ಎಂದು ಕರೆದರು. ಆರು ತಿಂಗಳು ಸೆರೆವಾಸ ಅನುಭವಿಸಿದ್ದಕ್ಕೆ ಪುರಾವೆ ಬೇಕು. ನಿಜಾಮರ ಕಾಲದ ಸೆರೆಮನೆಯ ಲೆಕ್ಕ ಉರ್ದುವಿನಲ್ಲಿ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಶರಣಪ್ಪ, ಬಸಲಿಂಗಪ್ಪ ಮೊದಲಾದ ಹೆಸರುಗಳು ಮೂವತ್ತು ವರ್ಷದ ಮೇಲೆ ಓದುವವನ ಬಾಯಲ್ಲಿ ಏನಾಗಬಹುದೋ ಊಹಿಸಿಕೊಳ್ಳಬಹುದು. ಇನ್ನು ಮುಂಡರಗಿ, ಗಜೇಂದ್ರಗಡಗಳಂಥ ಗಡಿಶಿಬಿರಗಳಲ್ಲಿ ಇದ್ದು ಹೋರಾಡಿದವರಿಗೆ ಸೆರೆಮನೆಯ ಲೆಕ್ಕವೂ ಇಲ್ಲ. ಶಿಬಿರದಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಯಾರು ದಂಗೆ ಎದ್ದಾರು!

ಇದಕ್ಕೆ ಕಂಡುಕೊಂಡ ಉಪಾಯವೇ ಸಹಬಂದಿಯ ಪ್ರಮಾಣಪತ್ರ. ದಾಖಲೆ ಸಿಗುತ್ತಿಲ್ಲವೆಂದು ರಾಜ್ಯ ಸರ್ಕಾರ ಬರೆದುಕೊಟ್ಟರೆ, ದೀರ್ಘಕಾಲ ಸೆರೆಯಲ್ಲಿದ್ದ ಇನ್ನೊಬ್ಬ ಹೋರಾಟಗಾರರು 'ಈತ ನನ್ನೊಡನೆ ಇದ್ದ' ಎಂದು ಸಾಕ್ಷಿ ಹೇಳಬಹುದು. ದುರುಪಯೋಗಗಳೂ ಆದವು, ಇಲ್ಲವೆನ್ನಲಾಗದು. ಆದರೆ ಹೈದರಾಬಾದಿನ 1938–39ರ ಆರ್ಯಸಮಾಜ ಸತ್ಯಾಗ್ರಹಿಗಳಿಗೆ ಸಂಬಂಧಿಸಿದ ಮುಕುಂದಲಾಲ್ ಭಂಡಾರಿ ಮೊಕದ್ದಮೆಯಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ತಡವಾಯಿತೆಂಬ ಒಂದೇ ಕಾರಣಕ್ಕೆ ಪಿಂಚಣಿ ನಿರಾಕರಿಸಕೂಡದೆಂದಿತು. 2001ರ ಗುರುದಯಾಳ್ ಸಿಂಗ್ ಮೊಕದ್ದಮೆಯಲ್ಲಿ ಕ್ರಿಮಿನಲ್ ಪ್ರಕರಣದಲ್ಲಿ ಕೇಳುವಂಥ ಕಟ್ಟುನಿಟ್ಟಿನ ಸಾಕ್ಷ್ಯವನ್ನು ಈ ಮುದುಕರಿಂದ ಕೇಳಬಾರದೆಂದೂ ಹೇಳಿತು.

ಸೇನೆಯ ಮಾತಿಗೆ ಮರಳುವುದಾದರೆ, ದಾಖಲೆ ಇಲ್ಲದಿರುವುದು ಒಂದು ಬಗೆ, ದಾಖಲೆಯೇ ವಾಲಿಕೊಂಡಿರುವುದು ಇನ್ನೊಂದು ಬಗೆ. 1999ರ ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ಭಾಗದ 70ನೆಯ ಪದಾತಿ ಬ್ರಿಗೇಡನ್ನು ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರು ತಮ್ಮ ಕೆಲಸವನ್ನು ಯುದ್ಧವರದಿಯಲ್ಲಿ ಕಡಿಮೆ ಮಾಡಿ ತೋರಿಸಲಾಗಿದೆ ಎಂದು ಹೋರಾಡಿದರು. 2010ರ ಮೇ ತಿಂಗಳಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರ ಮಾತನ್ನು ಎತ್ತಿಹಿಡಿದು ದಾಖಲೆ ತಿದ್ದಲು ಆದೇಶಿಸಿತು. ಈ ನ್ಯಾಯಮಂಡಳಿ 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿದ್ದು. ತನೇಜಾ ಅವರ ಕಾಲದಲ್ಲಿ ಅದು ಇರಲಿಲ್ಲ.

ಸಾಮಾನ್ಯ ಸೈನಿಕನಿಗೆ ಅಷ್ಟು ದೂರ ಹೋಗಬೇಕಾದ ಸಂದರ್ಭ ಅಪರೂಪ. 1965ರ ಸಮರ ಸೇವಾ ತಾರೆ, 1971ರ ಪೂರ್ವಿ ಮತ್ತು ಪಶ್ಚಿಮಿ ತಾರೆಗಳು, ಸಂಗ್ರಾಮ ಪದಕ ಇವು ಶೌರ್ಯಕ್ಕಾಗಿ ಆರಿಸಿ ಕೊಟ್ಟವಲ್ಲ. ಗೊತ್ತುಪಡಿಸಿದ ಕಾಲದಲ್ಲಿ ಗೊತ್ತುಪಡಿಸಿದ ಕಡೆ ಸೇವೆಯಲ್ಲಿದ್ದವರಿಗೆ ಸಲ್ಲುವಂಥವು. ಇವು ನಮೂದಾಗದಿದ್ದರೆ ತನ್ನ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಆರ್ಡನೆನ್ಸ್ ಕೋರಿನ ಮತ್ತು ಇ.ಎಂ.ಇ. ಕೋರಿನ ರೆಕಾರ್ಡ್ಸ್ ಕಚೇರಿಗಳು ನಮ್ಮ ಸಿಕಂದರಾಬಾದಿನಲ್ಲಿಯೇ ಇವೆ. ಸೇವಾ ಸಂಖ್ಯೆ, ಯೂನಿಟ್ಟಿನ ಹೆಸರು, ಇದ್ದ ಸ್ಥಳ, ತಾರೀಖು ಇಷ್ಟನ್ನು ಬಿಡುಗಡೆಯ ಪುಸ್ತಕದ ಪ್ರತಿಯೊಡನೆ ಕಳುಹಿಸಬೇಕು. ಅದೇ ಯೂನಿಟ್ಟಿನ ಜೊತೆಗಾರರಿಗೆ ಆ ಪದಕ ಬಂದಿದ್ದರೆ ಅದನ್ನೂ ಕಾಣಿಸುವುದು ಒಳ್ಳೆಯದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಕಾಗದ ಬರೆಯಲು ನೆರವಾಗುತ್ತಾರೆ.

ಒಂದು ಸಂಗತಿ ಮಾತ್ರ ತಡಮಾಡುವವರಿಗೆ ತಿಳಿದಿರಬೇಕು. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಸೇವಾಪತ್ರಗಳನ್ನು ಸೇನೆಯ ನಿಯಮದಂತೆ 25 ವರ್ಷ ಕಾದಿಟ್ಟು ಆಮೇಲೆ ನಾಶಪಡಿಸುತ್ತಾರೆ. ಅಲ್ಲಿಗೆ ಟ್ರಂಕಿನ ತಳದ ಆ ಪುಸ್ತಕವೇ ಉಳಿದ ಏಕೈಕ ಮೂಲಪ್ರತಿ.

ದೇವಯ್ಯನವರ ಕಥೆ 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರವಾಗಿ ತೆರೆಗೆ ಬಂತು. ಪಾತ್ರಕ್ಕೆ ಹೆಸರು ಬೇರೆ ಇಟ್ಟಿದ್ದಾರೆ. ಚಿತ್ರ ನೋಡಿ ಬಂದ ನಮ್ಮ ಮಕ್ಕಳಿಗೆ ಅಜ್ಜಮಾಡ ಬೋಪಯ್ಯ ದೇವಯ್ಯ ಎಂಬ ಹೆಸರನ್ನು ಮನೆಯಲ್ಲಿಯೇ ಹೇಳಿಕೊಡಬೇಕಾಗಿದೆ.