ಎತ್ತರವೂ ಶಬ್ದದ ತೀವ್ರತೆಯೂ: ವಿದ್ಯಾರ್ಥಿಗಳಿಗೊಂದು ಪ್ರಯೋಗ

ಚೆನ್ನೈನ ಶೋಳಿಂಗನಲ್ಲೂರ್ ಬಳಿಯ ಸತ್ಯಭಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರಚಿಸಿದ 1.5 ಕಿಲೋಗ್ರಾಂ ತೂಕದ ಉಪಗ್ರಹವು 2016ರ ಜೂನ್ 22ರಂದು ಪಿಎಸ್‌ಎಲ್‌ವಿ-ಸಿ34 ವಾಹನದಲ್ಲಿ ಗಗನಕ್ಕೇರಿತು. ಹಸಿರುಮನೆ ಅನಿಲಗಳ ಅಳತೆ ಅದರ ಉದ್ದೇಶವಾಗಿತ್ತು. ಸರಿಯಾಗಿ ಒಂದು ವರ್ಷದ ಬಳಿಕ, ಅದೇ ದಿನ, ಚೆನ್ನೈನ ಸ್ಪೇಸ್ ಕಿಡ್ಸ್ ಇಂಡಿಯಾದ 64 ಗ್ರಾಂ ತೂಕದ ಕಲಾಂಸ್ಯಾಟ್ ನಾಸಾ ರಾಕೆಟ್ಟಿನಲ್ಲಿ ಹಾರಿತು. ಇಂಥ ಪುಟ್ಟ ಪೆಟ್ಟಿಗೆಗಳಲ್ಲಿ ಕೈಗೊಳ್ಳಬಹುದಾದ ಸರಳ ಪರೀಕ್ಷೆಗಳಲ್ಲೊಂದು, ಎತ್ತರಕ್ಕೇರಿದಂತೆ ಶಬ್ದವು ಎಷ್ಟು ಕುಗ್ಗುತ್ತದೆ ಎಂಬುದು.

ಪ್ರಶ್ನೆ ಹಳೆಯದು. 1787ರಲ್ಲಿ ಮಾಂಟ್ ಬ್ಲಾಂಕ್ ಶಿಖರವನ್ನೇರಿದ ಸೊಸ್ಯೂರ್, ಅಲ್ಲಿ ಹಾರಿಸಿದ ಪಿಸ್ತೂಲಿನ ಸದ್ದು ಸಣ್ಣ ಪಟಾಕಿಯದಕ್ಕಿಂತ ಹೆಚ್ಚಿರಲಿಲ್ಲವೆಂದು ದಾಖಲಿಸಿದ್ದಾನೆ. ಮದರಾಸಿಗೂ ಈ ವಿದ್ಯೆಯಲ್ಲಿ ಪಾಲುಂಟು: 1820-21ರಲ್ಲಿ ವೀಕ್ಷಣಾಲಯದ ಗೋಲ್ಡಿಂಗ್‌ಹ್ಯಾಮ್, ಸೇಂಟ್ ಜಾರ್ಜ್ ಕೋಟೆ ಮತ್ತು ಸೇಂಟ್ ಥಾಮಸ್ ಮೌಂಟ್‌ನ ಫಿರಂಗಿಗಳ ಸದ್ದನ್ನು ಆಲಿಸಿ ಶಬ್ದದ ವೇಗವನ್ನು ಅಳೆದನು. ಆದರೆ ಅವನು ಅಳೆದದ್ದು ವೇಗವನ್ನು, ತೀವ್ರತೆಯನ್ನಲ್ಲ.

ಕಾರಣ ಗಾಳಿಯ ಸಾಂದ್ರತೆ. ಒಂದು ಬಜರು ಒಂದೇ ಬಗೆಯಲ್ಲಿ ಕಂಪಿಸುತ್ತಿದ್ದರೆ, ತೆಳುವಾದ ಗಾಳಿಯನ್ನು ಅದು ತಳ್ಳುವ ಬಲವೂ ಕಡಿಮೆ. 30 ಕಿಲೋಮೀಟರ್ ಎತ್ತರದಲ್ಲಿ ಸಾಂದ್ರತೆಯು ನೆಲಮಟ್ಟದ ಸುಮಾರು ನೂರಕ್ಕೆ ಒಂದೂವರೆ ಪಾಲು ಮಾತ್ರ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಮೈಕ್ರೋಫೋನು ಗುರುತಿಸುವುದು ಶಬ್ದದ ಒತ್ತಡವನ್ನು. ಒತ್ತಡವು ಸಾಂದ್ರತೆಗೆ ಅನುಪಾತದಲ್ಲಿ ಇಳಿಯುವುದರಿಂದ ಮೀಟರು ಆ ಎತ್ತರದಲ್ಲಿ ಸುಮಾರು 37 ಡೆಸಿಬಲ್ ಇಳಿಕೆಯನ್ನು ತೋರಿಸೀತು. ತೀವ್ರತೆಯಾದರೋ ಒತ್ತಡದ ವರ್ಗವನ್ನು ಸಾಂದ್ರತೆ ಮತ್ತು ವೇಗಗಳ ಗುಣಲಬ್ಧದಿಂದ ಭಾಗಿಸಿದಾಗ ದೊರೆಯುವುದು. ಅದರ ನಿಜವಾದ ಇಳಿಕೆ ಸುಮಾರು 18 ಡೆಸಿಬಲ್. ಮೀಟರಿನ ಅಂಕಿಯನ್ನೇ ತೀವ್ರತೆಯೆಂದು ಬರೆದರೆ, ಅರವತ್ತೈದು ಪಟ್ಟಿನಷ್ಟು ಇಳಿದದ್ದನ್ನು ಐದು ಸಾವಿರ ಪಟ್ಟು ಎಂದು ವರದಿ ಮಾಡಿದಂತಾಗುತ್ತದೆ. ಇದು ಸಣ್ಣ ತಪ್ಪಲ್ಲ. ಇಡೀ ತೀರ್ಮಾನವೇ ಉರುಳುತ್ತದೆ.

ರಾಕೆಟ್ ಇಲ್ಲದವರೂ ಯತ್ನಿಸಬಹುದು. ಕಡಲಮಟ್ಟದ ಶೋಳಿಂಗನಲ್ಲೂರಿನಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಹೋದರೆ ಮೀಟರಿನಲ್ಲಿ ಕಾಣಬೇಕಾದ ವ್ಯತ್ಯಾಸ ಮುಕ್ಕಾಲು ಡೆಸಿಬಲ್ಲಿನಷ್ಟು. ಸಾಧಾರಣ ಮೀಟರುಗಳ ದೋಷಮಿತಿಯೇ ಇದಕ್ಕಿಂತ ಹೆಚ್ಚು. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಒಂದೂವರೆ ಡೆಸಿಬಲ್ ಮೀರಬಹುದು, ಆದರೆ ಅಲ್ಲಿನ ಗಾಳಿಯ ಸದ್ದನ್ನು ತಡೆಯುವುದೇ ದೊಡ್ಡ ಕೆಲಸ. ಆದ್ದರಿಂದ ಬಜರನ್ನೂ ಮೈಕ್ರೋಫೋನನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿ ನಿಗದಿತ ದೂರದಲ್ಲಿರಿಸಿ, ಹೊರಗಿನ ಗಾಳಿಯ ಒತ್ತಡ ಒಳಗೂ ಬರುವಂತೆ ಸಣ್ಣ ರಂಧ್ರ ಬಿಡುವುದು ಲೇಸು. ಚಳಿಯಲ್ಲಿ ಬ್ಯಾಟರಿಯ ವೋಲ್ಟೇಜು ಕುಸಿದರೆ ಬಜರಿನ ಸದ್ದು ತಾನಾಗಿಯೇ ಇಳಿಯುತ್ತದೆ. ಆ ಇಳಿಕೆಯನ್ನು ಎತ್ತರದ ಲೆಕ್ಕಕ್ಕೆ ಸೇರಿಸದಂತೆ ವೋಲ್ಟೇಜು, ಉಷ್ಣತೆ ಹಾಗೂ ವಾಯುಭಾರವನ್ನು ಪ್ರತಿ ಅಳತೆಯ ಜೊತೆಗೇ ದಾಖಲಿಸಬೇಕು.