ಬಾಡಿಗೆ ನೆಲದ ಮೇಲೆ ಕಟ್ಟಿದ ಶಾಲೆಗಳು

2010ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ನೂರಾರು ಕಾಲೇಜು, ವಿಶ್ವವಿದ್ಯಾಲಯಗಳಿಗೆ ಜಮೀನಿನ ಮಾಲೀಕರಿಂದ ಒಂದು ತಿಳಿವಳಿಕೆ ಬಂತು. ಶಿಕ್ಷಣ ಸಂಸ್ಥೆಗಳಿಗೆ ಅಲ್ಲಿಯವರೆಗೆ ಕೊಡುತ್ತಿದ್ದ ಅರ್ಧ ಬಾಡಿಗೆಯ ರಿಯಾಯಿತಿ ಬರುವ ಜನವರಿಯಿಂದ ಇರುವುದಿಲ್ಲ. ಇರಬೇಕೆನ್ನುವವರು ಪೂರ್ತಿ ಬಾಡಿಗೆ ಕೊಟ್ಟು ಇರಬಹುದು. ಬಾಡಿಗೆ ಏರುವುದು, ಬಾಡಿಗೆದಾರ ಗೊಣಗುವುದು ಲೋಕರೂಢಿ. ಆದರೆ ಈ ಜಮೀನು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಅದರ ಮೇಲೆ ನಿಂತಿದ್ದ ಉಪನ್ಯಾಸ ಮಂದಿರ, ಗ್ರಂಥಾಲಯ, ಪ್ರಯೋಗಶಾಲೆಗಳಿಗೆ ಯಾರೂ ಒಂದು ಇಟ್ಟಿಗೆಯನ್ನೂ ಹೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಲಿಂಡೆನ್ ಲ್ಯಾಬ್ ಕಂಪೆನಿಯ ಕಂಪ್ಯೂಟರುಗಳೊಳಗೆ ಮಾತ್ರ ಅಸ್ತಿತ್ವದಲ್ಲಿದ್ದ 'ಸೆಕೆಂಡ್ ಲೈಫ್' ಎಂಬ ಮಾಯಾಲೋಕದ ದ್ವೀಪಗಳು ಅವು.

ಇಲ್ಲದ ನೆಲಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಿ ಪಾಠ ಹೇಳುವ ಸ್ಥಿತಿಗೆ ಪ್ರಾಧ್ಯಾಪಕರು ಬಂದದ್ದು ಹೇಗೆ? ಅದರ ಹಿಂದೆ 32 ವರ್ಷಗಳ ಇತಿಹಾಸವಿತ್ತು. ಅದು ಶುರುವಾದದ್ದು ಪಾಠದಿಂದಲ್ಲ, ಆಟದಿಂದ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿ 'ಮಡ್' ಎಂಬ ಆಟವೊಂದನ್ನು ಬರೆದರು. ಜೊತೆಗಾರ ರಿಚರ್ಡ್ ಬಾರ್ಟಲ್ ಮುಂದೆ ಅದನ್ನು ಬೆಳೆಸಿದರು. ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಇದ್ದದ್ದು ಬರೀ ಅಕ್ಷರ. ಪರದೆಯ ಮೇಲೆ ಒಂದು ಜಾಗದ ವರ್ಣನೆ ಮೂಡುತ್ತದೆ. ಉತ್ತರಕ್ಕೆ ಹೋಗಬೇಕೆಂದು ಟೈಪ್ ಮಾಡಿದರೆ ಮತ್ತೊಂದು ಜಾಗ ಬರುತ್ತದೆ. ಅಲ್ಲಿ ಇನ್ನೊಬ್ಬ ಆಟಗಾರ ನಿಂತಿದ್ದರೆ ಅವನೊಡನೆ ಮಾತಾಡಬಹುದು, ಹೊಡೆದಾಡಲೂಬಹುದು. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ ಬರೀ ಹಾಡು, ಮಾತುಗಳಿಂದಲೇ ಕುರುಕ್ಷೇತ್ರ ಕಣ್ಣೆದುರು ಎದ್ದು ನಿಲ್ಲುವುದಿಲ್ಲವೆ, ಇದೂ ಹಾಗೆಯೇ. ಹಗಲೆಲ್ಲ ಆ ಕಂಪ್ಯೂಟರಿಗೆ ವಿಶ್ವವಿದ್ಯಾಲಯದ ಕೆಲಸ. ಹಾಗಾಗಿ ಹೊರಗಿನವರಿಗೆ ಅದರಲ್ಲಿ ಪ್ರವೇಶ ಸಿಗುತ್ತಿದ್ದದ್ದು ಊರು ಮಲಗಿದ ಮೇಲೆ.

ಈ ಆಟದ ಸಂತತಿ ಬೇಗ ಹಬ್ಬಿತು. ನಿಜವಾದ ತಿರುವು ಬಂದದ್ದು 1989ರಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್ನೆಸ್ ಬರೆದ 'ಟೈನಿಮಡ್' ಎಂಬ ಪುಟ್ಟ ಆವೃತ್ತಿಯಲ್ಲಿ ಕೊಲ್ಲುವುದು, ಅಂಕ ಗಳಿಸುವುದು ಮುಖ್ಯವಾಗಿರಲಿಲ್ಲ. ಬದಲಿಗೆ, ಬಂದವರೇ ಹೊಸ ಕೋಣೆಗಳನ್ನು ಕಟ್ಟಿ ಅದಕ್ಕೆ ವರ್ಣನೆ ಬರೆದು ಇತರರನ್ನು ಕರೆಯಬಹುದಿತ್ತು. ಮರುವರ್ಷ ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ 'ಲ್ಯಾಂಬ್ಡಾಮೂ' ಎಂಬ ಲೋಕವನ್ನು ಆರಂಭಿಸಿದರು. ಅದರ ನಡುವಿನ ಬಂಗಲೆಗೆ ಅವರ ಸ್ವಂತ ಮನೆಯೇ ಮಾದರಿ. ಅಲ್ಲಿ ಕೋಣೆಗಳನ್ನಷ್ಟೇ ಅಲ್ಲ, ಮುಟ್ಟಿದರೆ ಮಾತಾಡುವ ಗಿಳಿಯನ್ನೋ ತಾನಾಗಿ ತೆರೆಯುವ ಪೆಟ್ಟಿಗೆಯನ್ನೋ ಬಳಕೆದಾರರೇ ಪ್ರೋಗ್ರಾಮ್ ಬರೆದು ಮಾಡಬಹುದಾಗಿತ್ತು. ಆಡುವವನು ಕಟ್ಟುವವನಾದ. ಮೇಷ್ಟರುಗಳ ಕಣ್ಣು ಇದರ ಮೇಲೆ ಬಿದ್ದದ್ದು ಇಲ್ಲಿಂದ.

1993ರಲ್ಲಿ ಎಂಐಟಿಯ ಮೀಡಿಯಾ ಲ್ಯಾಬ್‌ನ ಸಂಶೋಧನಾ ವಿದ್ಯಾರ್ಥಿನಿ ಏಮಿ ಬ್ರಕ್‌ಮನ್ ಮಾಧ್ಯಮ ಸಂಶೋಧಕರಿಗಾಗಿ 'ಮೀಡಿಯಾಮೂ' ತೆರೆದರು. ಕಾಲೇಜುಗಳಲ್ಲಿ ಬರವಣಿಗೆ ಕಲಿಸುವ ಅಧ್ಯಾಪಕರು ಪ್ರತಿ ಮಂಗಳವಾರ ಅದರೊಳಗಿನ ಒಂದು 'ಕೆಫೆ'ಯಲ್ಲಿ ಸೇರಿ ಚರ್ಚಿಸುವ ಪದ್ಧತಿ ಬೆಳೆಯಿತು. ಸಾವಿರಾರು ಮೈಲಿ ದೂರದಲ್ಲಿದ್ದವರು ಒಂದೇ ಮೇಜಿನ ಸುತ್ತ ಕುಳಿತಂತೆ. ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಜೀವವಿಜ್ಞಾನಿಗಳಿಗೆಂದು 'ಬಯೋಮೂ' ಹುಟ್ಟಿತು. 1995ರಲ್ಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜು ಪ್ರೋಟೀನುಗಳ ರಚನೆಯ ಬಗ್ಗೆ ಇಂಟರ್‌ನೆಟ್ ಮೂಲಕ ನಡೆಸಿದ ಕೋರ್ಸಿನ ವಿದ್ಯಾರ್ಥಿಗಳು ಸೇರುತ್ತಿದ್ದದ್ದು ಅಲ್ಲಿಯೇ.

ಬ್ರಕ್‌ಮನ್ ಅವರ ಮುಂದಿನ ಕೆಲಸ ಹೆಚ್ಚು ಸ್ವಾರಸ್ಯದ್ದು. ಮಕ್ಕಳಿಗಾಗಿ 'ಲೋಗೋ' ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಗಣಿತಜ್ಞ ಸೆಮೋರ್ ಪೇಪರ್ಟ್ 1980ರ ತಮ್ಮ ಪುಸ್ತಕದಲ್ಲಿ ಬ್ರೆಜಿಲ್‌ನ ಸಾಂಬಾ ಶಾಲೆಗಳನ್ನು ಹೊಗಳಿದ್ದರು. ಹೆಸರಿಗೆ ಅವು ಶಾಲೆ. ವಾಸ್ತವದಲ್ಲಿ ಕಾರ್ನಿವಲ್ ಹಬ್ಬಕ್ಕೆ ಕೇರಿಯ ಜನ ಸೇರಿ ಕುಣಿತ ಅಭ್ಯಾಸ ಮಾಡುವ ಸಂಘಗಳು. ಅಜ್ಜ, ಮೊಮ್ಮಗ ಒಂದೇ ಅಂಗಳದಲ್ಲಿ ಕುಣಿಯುತ್ತಾರೆ, ಬಲ್ಲವರು ತಿಳಿಯದವರಿಗೆ ಆ ಹೊತ್ತಿಗೆ ಹೇಳಿಕೊಡುತ್ತಾರೆ. ಕಂಪ್ಯೂಟರಿನ ಕಲಿಕೆಗೂ ಅಂಥದೊಂದು ಅಂಗಳ ಸಿಕ್ಕೀತೆ ಎಂಬುದು ಪೇಪರ್ಟ್ ಅವರ ಪ್ರಶ್ನೆ. ಬ್ರಕ್‌ಮನ್ ತೊಂಬತ್ತರ ದಶಕದ ನಡುವಿನಲ್ಲಿ ಮಕ್ಕಳಿಗೆಂದು ಕಟ್ಟಿದ 'ಮೂಸ್ ಕ್ರಾಸಿಂಗ್' ಆ ಪ್ರಶ್ನೆಗೆ ಕೊಟ್ಟ ಉತ್ತರ. ಅಲ್ಲಿ ಮಗು ತನ್ನ ಊರನ್ನು, ಸಾಕುಪ್ರಾಣಿಯನ್ನು ಸುಲಭ ಇಂಗ್ಲಿಷಿನಂಥ ಒಂದು ಭಾಷೆಯಲ್ಲಿ ಬರೆದು ಸೃಷ್ಟಿಸಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬಿಚ್ಚಿ ನೋಡಿ ಕಲಿಯಬಹುದು. ಸಿಕ್ಕಿಹಾಕಿಕೊಂಡಾಗ ಕೇಳುವುದು ಗುರುವನ್ನಲ್ಲ, ಪಕ್ಕದ 'ಮನೆ'ಯ ಇನ್ನೊಂದು ಮಗುವನ್ನು.

ಫಲಿತಾಂಶ? ಕೆಲವು ಮಕ್ಕಳು ದೊಡ್ಡವರೂ ಬೆರಗಾಗುವಂಥ ಪ್ರೋಗ್ರಾಮುಗಳನ್ನು ಬರೆದರು. ಬಹಳ ಮಕ್ಕಳು ಹರಟೆ ಹೊಡೆದು ಹೋದರು. ಈ ಏರುಪೇರನ್ನು ಬ್ರಕ್‌ಮನ್ ಮತ್ತು ಸಂಗಡಿಗರು ಮುಚ್ಚಿಡದೆ 2000ದಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಸ್ವಾತಂತ್ರ್ಯವೊಂದೇ ಎಲ್ಲರನ್ನೂ ಕಲಿಸುವುದಿಲ್ಲವೆಂದು ಕಂಡು, ಸ್ಕೌಟ್ಸ್ ಮಾದರಿಯಲ್ಲಿ ಬಿಲ್ಲೆಗಳನ್ನು ಕೊಡುವ ಏರ್ಪಾಡನ್ನೂ ಮಾಡಿದರು. ಈ ಕ್ಷೇತ್ರದಲ್ಲಿ ಬಂದ ಪ್ರಚಾರದ ಸಾಹಿತ್ಯದ ರಾಶಿಯ ನಡುವೆ ಇಂಥ ನೇರ ಮಾತು ಅಪರೂಪ.

ಅಷ್ಟರಲ್ಲಿ ಅಕ್ಷರದ ಲೋಕಕ್ಕೆ ಚಿತ್ರ ಬಂದಿತ್ತು. ಅದರೊಡನೆ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಮಾತೂ ಬಂತು: ಅವತಾರ. ಪರದೆಯ ಮೇಲೆ ಬಳಕೆದಾರನ ಪರವಾಗಿ ಓಡಾಡುವ ಬೊಂಬೆಗೆ ಈ ಹೆಸರು ಅಂಟಿಕೊಳ್ಳಲು 1986ರಲ್ಲಿ ಪರೀಕ್ಷೆಗೆ ಬಿಟ್ಟ ಲ್ಯೂಕಾಸ್‌ಫಿಲ್ಮ್ ಕಂಪೆನಿಯ 'ಹ್ಯಾಬಿಟಾಟ್' ಬಹುಮಟ್ಟಿಗೆ ಕಾರಣ. ದೇವರು ಭೂಮಿಗೆ ಇಳಿದು ಬರುವುದಕ್ಕೆ ಇದ್ದ ಪದ, ಮನುಷ್ಯ ಕಂಪ್ಯೂಟರಿಗೆ ಇಳಿಯುವುದಕ್ಕೂ ಆಯಿತು.

ಚಿತ್ರಲೋಕಗಳಲ್ಲಿ ಪಾಠಕ್ಕೆಂದೇ ಯೋಚಿಸಿ ಕಟ್ಟಿದವುಗಳ ಪೈಕಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಡೀಡ್ ತಂಡದ 'ರಿವರ್ ಸಿಟಿ'ಯನ್ನು ಮೊದಲು ಹೇಳಬೇಕು. ಅದು 19ನೇ ಶತಮಾನದ ಕೊನೆಯ ಒಂದು ಅಮೆರಿಕನ್ ಪಟ್ಟಣ. ನಡುವೆ ನದಿ, ದಡದಲ್ಲಿ ಆಸ್ಪತ್ರೆ, ಹೋಟೆಲು, ಬಡವರ ವಠಾರಗಳು. ಊರಿಗೆ ಕಾಯಿಲೆ ಬಿದ್ದಿದೆ. ಆರರಿಂದ ಒಂಬತ್ತನೇ ತರಗತಿಯ ಮಕ್ಕಳು ಮೂರು ನಾಲ್ಕು ಮಂದಿಯ ತಂಡ ಮಾಡಿಕೊಂಡು ಆ ಊರಿಗೆ ಹೋಗಬೇಕು; ನಿವಾಸಿಗಳನ್ನು ಮಾತಾಡಿಸಬೇಕು, ಆಸ್ಪತ್ರೆಯ ದಾಖಲೆ ನೋಡಬೇಕು, ನೀರಿನ ಮಾದರಿ ತೆಗೆಯಬೇಕು, ಸೊಳ್ಳೆ ಎಣಿಸಬೇಕು. ತೊಡಕೆಂದರೆ ಕಾಯಿಲೆ ಒಂದಲ್ಲ. ನೀರಿನಿಂದ ಬಂದದ್ದು, ಸೊಳ್ಳೆಯಿಂದ ಬಂದದ್ದು, ಒಬ್ಬರಿಂದೊಬ್ಬರಿಗೆ ಗಾಳಿಯಲ್ಲಿ ಹರಡಿದ್ದು ಮೂರೂ ಕಲಸಿಹೋಗಿವೆ. ತಂಡವು ಒಂದು ಊಹೆ ಮಾಡಿ, ಊರಿನಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ, ಮತ್ತೆ ಹೋಗಿ ಲೆಕ್ಕ ಹೋಲಿಸಬೇಕು. ಕೊನೆಗೆ ಪಟ್ಟಣದ ಮೇಯರ್‌ಗೆ ಪತ್ರ. ಬಿಟ್ಟ ಸ್ಥಳ ತುಂಬಿಸುವ ಪರೀಕ್ಷೆ ಇಲ್ಲ. ನಿಜವಾದ ಊರಿನಲ್ಲಿ ಇಂಥ ಪ್ರಯೋಗವನ್ನು ಯಾವ ಮಗುವಿಗೂ ಮಾಡಲು ಬಿಡಲಾಗದು. ಮಾಯಾಲೋಕ ಬೇಕಾಗುವುದು ಇಂಥ ಕಡೆ.

ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಶುರುವಾದ 'ವೈವಿಲ್' ಎಂಬ ಮಕ್ಕಳ ಊರಿನಲ್ಲಿ ಅದರ ನಿರ್ವಾಹಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ಬೊಂಬೆಗಳಿಗೇ 'ವೈಪಾಕ್ಸ್' ಎಂಬ ಸೋಂಕು ಹಚ್ಚಿಬಿಟ್ಟರು. ಮುಖದ ಮೇಲೆ ಕೆಂಪು ಗುಳ್ಳೆ. ಮಾತಾಡಲು ಹೋದರೆ ಪದಗಳ ನಡುವೆ ಸೀನು. ಯಾರಿಂದ ಹತ್ತಿತು, ಹೇಗೆ ತಪ್ಪಿಸಿಕೊಳ್ಳುವುದು ಎಂದು ಮಕ್ಕಳು ತಾವಾಗಿ ಚರ್ಚಿಸತೊಡಗಿದರು. ಸಾಂಕ್ರಾಮಿಕದ ಪಾಠಕ್ಕೆ ಬೇರೆ ಮುನ್ನುಡಿ ಬೇಕಾಗಲಿಲ್ಲ.

ಇನ್ನು ಸೆಕೆಂಡ್ ಲೈಫ್. ಫಿಲಿಪ್ ರೋಸ್‌ಡೇಲ್ ಸ್ಥಾಪಿಸಿದ ಲಿಂಡೆನ್ ಲ್ಯಾಬ್ 2003ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಿತು. ಅದು ಪಾಠಕ್ಕೂ ಅಲ್ಲ, ಒಂದು ಲೆಕ್ಕದಲ್ಲಿ ಆಟಕ್ಕೂ ಅಲ್ಲ. ಕಂಪೆನಿ ನೆಲ ಕೊಡುತ್ತಿತ್ತು, ಉಳಿದದ್ದನ್ನು ಜನರೇ ಕಟ್ಟುತ್ತಿದ್ದರು. ಒಂದು ದ್ವೀಪವೆಂದರೆ 256 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 16 ಎಕರೆ. ತಿಂಗಳ ಬಾಡಿಗೆ 295 ಡಾಲರ್, ಶಿಕ್ಷಣ ಸಂಸ್ಥೆಗಳಿಗೆ ಅದರ ಅರ್ಧ. 2006ರಲ್ಲಿ ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಚಾರ್ಲ್ಸ್ ನೆಸನ್ ತಮ್ಮ ಮಗಳು ರೆಬೆಕಾ ಜೊತೆ 'ಬರ್ಕ್‌ಮನ್ ದ್ವೀಪ'ದಲ್ಲಿ ಕೋರ್ಸ್ ನಡೆಸಿದಾಗ ಪತ್ರಿಕೆಗಳು ಮುಗಿಬಿದ್ದವು. ಆಮೇಲೆ ದ್ವೀಪವಿಲ್ಲದ ವಿಶ್ವವಿದ್ಯಾಲಯ ಹಿಂದುಳಿದದ್ದು ಎಂಬ ಹವಾ ಎದ್ದಿತು.

ಒಳ್ಳೆಯ ಕೆಲಸವೂ ನಡೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಮನೋವೈದ್ಯ ಪೀಟರ್ ಯೆಲೋಲೀಸ್, ಸ್ಕಿಜೋಫ್ರೀನಿಯಾ ರೋಗಿಗಳನ್ನು ಕೇಳಿ ತಿಳಿದು, ಅವರು ಕಾಣುವ ಭ್ರಮೆಗಳ ಒಂದು ಆಸ್ಪತ್ರೆಯನ್ನೇ ಅಲ್ಲಿ ಕಟ್ಟಿಸಿದರು. ಹೊಕ್ಕವರಿಗೆ ಬೈಯುವ ದನಿಗಳು ಕೇಳುತ್ತವೆ, ಕಾಲ ಕೆಳಗಿನ ನೆಲ ಕುಸಿದಂತಾಗುತ್ತದೆ. ರೋಗಿಯ ಕಷ್ಟವನ್ನು ವೈದ್ಯ ವಿದ್ಯಾರ್ಥಿ ಪುಸ್ತಕದಿಂದ ಓದುವುದು ಬೇರೆ, ಹೀಗೆ ಅದರೊಳಗೆ ನಿಂತು ನೋಡುವುದು ಬೇರೆ. ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆಯ ದ್ವೀಪದಲ್ಲಿ ಸುನಾಮಿ ದಡಕ್ಕೆ ಅಪ್ಪಳಿಸುವುದನ್ನು ಅಲ್ಲಿಯೇ ನಿಂತು ನೋಡಬಹುದಿತ್ತು.

ಆದರೆ ಬಹುಪಾಲು ಸಂಸ್ಥೆಗಳು ಮಾಡಿದ್ದೇನು? ತಮ್ಮ ಊರಿನ ಕಟ್ಟಡದ ಪಡಿಯಚ್ಚನ್ನು ಅಲ್ಲಿ ಎಬ್ಬಿಸಿ, ಒಳಗೆ ಸಾಲು ಕುರ್ಚಿ ಹಾಕಿ, ಎದುರಿಗೆ ಸ್ಲೈಡ್ ತೋರಿಸುವ ಪರದೆ ಕಟ್ಟಿದವು. ರೆಕ್ಕೆಯಿಲ್ಲದೆ ಹಾರಬಲ್ಲ ಅವತಾರಗಳು ಬಂದು ಕುರ್ಚಿಯಲ್ಲಿ ಕುಳಿತು ಉಪನ್ಯಾಸ ಕೇಳಿದವು. ಹೆಚ್ಚು ದಿನ ಬಾಳುವ ಹುರುಪು ಇದಾಗಿರಲಿಲ್ಲ. ಉದ್ಘಾಟನೆಯ ಭರಾಟೆ ಮುಗಿದ ಮೇಲೆ ಎಷ್ಟೋ ದ್ವೀಪಗಳು ರಜೆಯ ದಿನದ ಕಾಲೇಜಿನಂತೆ ಭಣಗುಟ್ಟಿದವು.

ಬಾಡಿಗೆಯ ಸೂಚನೆ ಬಂದದ್ದು ಈ ಹೊತ್ತಿನಲ್ಲಿ. ಖಾಲಿ ದ್ವೀಪದವರಿಗೆ ಅದೊಂದು ನೆಪವಾಯಿತು. ಸಂಕಟವಾದದ್ದು ನಿಜವಾಗಿ ಪಾಠ ನಡೆಸುತ್ತಿದ್ದವರಿಗೆ. ಕಟ್ಟಿದ್ದನ್ನೆಲ್ಲ ಬಿಚ್ಚಿ ಗಂಟು ಕಟ್ಟಿಕೊಂಡು ಬೇರೆ ಕಡೆ ಹೋಗೋಣವೆಂದರೆ ಆ ದಾರಿಯೂ ಸಲೀಸಾಗಿರಲಿಲ್ಲ. ಒಂದೊಂದು ಬಾಗಿಲು, ಮರ, ಮೇಜನ್ನು ಮಾಡಿ ಮಾರಿದವರು ಬೇರೆ ಬೇರೆ. ಅವರ ಅನುಮತಿಯಿಲ್ಲದೆ ಅವನ್ನು ಹೊರಗೆ ಒಯ್ಯುವಂತಿರಲಿಲ್ಲ. ಹದಿಮೂರರಿಂದ ಹದಿನೇಳು ವರ್ಷದವರಿಗೆಂದು ಬೇರೆಯಾಗಿ ಇಟ್ಟಿದ್ದ 'ಟೀನ್' ವಿಭಾಗವನ್ನೂ ಅದೇ ಸುಮಾರಿಗೆ ಕಂಪೆನಿ ಮುಚ್ಚಿತು. ಹದಿನಾರು ದಾಟಿದವರನ್ನು ದೊಡ್ಡವರ ಲೋಕಕ್ಕೆ ಸೇರಿಸಿಕೊಂಡಿತು, ಚಿಕ್ಕವರಿಗೆ ಅಲ್ಲಿ ಮುಕ್ತ ಪ್ರವೇಶ ಸಿಗಲಿಲ್ಲ.

ಎಸೆಕ್ಸ್‌ನ ಮಡ್, ಮೂಸ್ ಕ್ರಾಸಿಂಗ್ ನಡೆದದ್ದು ವಿಶ್ವವಿದ್ಯಾಲಯಗಳ ಸ್ವಂತ ಯಂತ್ರಗಳಲ್ಲಿ. ಅವೂ ಶಾಶ್ವತವಾಗಿರಲಿಲ್ಲ, ಆದರೆ ಯಾವಾಗ ಮುಚ್ಚಬೇಕೆಂದು ತೀರ್ಮಾನಿಸುವವರು ಕಲಿಸುವವರೇ ಆಗಿದ್ದರು. ಈ ವ್ಯತ್ಯಾಸ 2010ರ ಚಳಿಗಾಲದಲ್ಲಿ ಹಲವರಿಗೆ ಹೊಳೆಯಿತು. 2007ರಲ್ಲಿಯೇ ಆರಂಭವಾಗಿದ್ದ 'ಓಪನ್ ಸಿಮ್ಯುಲೇಟರ್' ಎಂಬ ಮುಕ್ತ ತಂತ್ರಾಂಶ ಸೆಕೆಂಡ್ ಲೈಫ್‌ನಂಥದೇ ಲೋಕವನ್ನು ಯಾರು ಬೇಕಾದರೂ ತಮ್ಮದೇ ಕಂಪ್ಯೂಟರಿನಲ್ಲಿ ನಡೆಸಲು ಅನುವು ಮಾಡಿಕೊಡುತ್ತಿತ್ತು. ಕೈಯಲ್ಲಿ ಕಸುಬಿದ್ದವರು ಅಲ್ಲಿಗೆ ಗುಳೆ ಹೋದರು. ಲಿಂಡೆನ್ ಲ್ಯಾಬ್ 2013ರಲ್ಲಿ ರಿಯಾಯಿತಿಯನ್ನು ಮತ್ತೆ ಕೊಟ್ಟಿತಾದರೂ ಹೋದವರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ.

ಮಕ್ಕಳು ಅಷ್ಟರಲ್ಲಿ ತಮ್ಮ ಲೋಕವನ್ನು ತಾವೇ ಆರಿಸಿಕೊಂಡಿದ್ದರು. ಚೌಕ ಚೌಕದ ತುಂಡುಗಳನ್ನು ಅಗೆದು, ಪೇರಿಸಿ ಕಟ್ಟುವ ಸ್ವೀಡನ್ನಿನ 'ಮೈನ್‌ಕ್ರಾಫ್ಟ್' ಆಟಕ್ಕೆ 2011ರಲ್ಲಿ ಫಿನ್‌ಲೆಂಡ್ ಮತ್ತು ಅಮೆರಿಕದ ಶಿಕ್ಷಕರು ಸೇರಿ ಶಾಲೆಗೆ ಒಗ್ಗುವ ರೂಪ ಕೊಟ್ಟರು. 2014ರಲ್ಲಿ ಆ ಕಂಪೆನಿಯನ್ನು ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. 2016ರಲ್ಲಿ ಶಾಲಾ ರೂಪವನ್ನೂ ಕೊಂಡು ತನ್ನದೇ ಆವೃತ್ತಿ ಹೊರತಂದಿತು. ಬಹುತೇಕ ಶಾಲೆಗಳು ಮತ್ತೆ ಬಾಡಿಗೆದಾರರಾದವು. ಮಾಲೀಕ ಮಾತ್ರ ಈ ಸಲ ದೊಡ್ಡವನು.

2020ರಲ್ಲಿ ಕೋವಿಡ್ ಬಂದು ನಿಜದ ತರಗತಿಗಳ ಬಾಗಿಲು ಹಾಕಿದಾಗ ಹಳೆಯ ಹುರುಪು ಮರುಕಳಿಸಿತು. ಬರ್ಕ್ಲಿಯ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸನ್ನು ಮೈನ್‌ಕ್ರಾಫ್ಟ್‌ನಲ್ಲಿ ತಾವೇ ಕಟ್ಟಿ ಅಲ್ಲಿ ಪದವಿ ಸಮಾರಂಭ ನಡೆಸಿದರು. ಆಗಸ್ಟ್‌ನಲ್ಲಿ ಮುಂಬೈ ಐಐಟಿಯ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಅವತಾರಗಳು ನಿರ್ದೇಶಕರ ಅವತಾರದ ಕೈಯಿಂದ ಪದವಿ ಪಡೆದವು. ಮೊದಲನೆಯದು ಕಟ್ಟಿದ್ದು, ಎರಡನೆಯದು ನೋಡಿದ್ದು.

ಆ ವರ್ಷಗಳಲ್ಲಿ ಅನೇಕ ಶಿಕ್ಷಕರು ನೆಚ್ಚಿಕೊಂಡಿದ್ದ ಮೈಕ್ರೋಸಾಫ್ಟ್‌ನ 'ಆಲ್ಟ್‌ಸ್ಪೇಸ್' 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊಜಿಲ್ಲಾ ಸಂಸ್ಥೆಯ 'ಹಬ್ಸ್' 2024ರ ಮೇ ಕೊನೆಗೆ ನಿಂತಿತು. ನಿಲ್ಲಿಸುವ ಮೊದಲು ಮೊಜಿಲ್ಲಾ ಒಂದು ಕೆಲಸ ಮಾಡಿತ್ತು: ಬಳಕೆದಾರರು ಕಟ್ಟಿದ್ದನ್ನು ಇಳಿಸಿಕೊಂಡು ಹೋಗಲು ಸಲಕರಣೆ ಕೊಟ್ಟು, ಅದರ ತಂತ್ರಾಂಶವನ್ನು ಬೇಕಾದವರು ನಡೆಸಿಕೊಳ್ಳಲಿ ಎಂದು ಮುಕ್ತವಾಗಿ ಬಿಟ್ಟಿತ್ತು.